ಹೊಗೆಗೂ ಒಂದು ಬಾಗಿಲು ಬೇಕು

ಮಕ್ಕಳೇ, ನಿಮ್ಮಲ್ಲಿ ಯಾರ ಮನೆ ಹಳೆಯ ಮಾಳಿಗೆ ಮನೆ? ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಮಳೆ ಬಂದರೆ ಮುಚ್ಚಲು ಅದರ ಪಕ್ಕದಲ್ಲೇ ಒಂದು ತಗಡು. ಹೊಸಪೇಟೆಯ ಹಳೆಯ ಓಣಿಗಳಲ್ಲಿ, ಕಂಪ್ಲಿ ಮತ್ತು ಸಂಡೂರಿನ ಹಳ್ಳಿಗಳಲ್ಲಿ ಇಂಥ ಮನೆಗಳು ಇನ್ನೂ ಇವೆ. ಬೆಳಗ್ಗೆ ಬಿಸಿಲು ಏರುತ್ತಿದ್ದಂತೆ ಆ ಕಿಂಡಿಯಿಂದ ಬಿಸಿಲುಕೋಲು ಇಳಿಯುತ್ತದೆ. ಅದರೊಳಗೆ ಸಾವಿರಾರು ಕಣಗಳು ಕುಣಿಯುತ್ತಿರುತ್ತವೆ. ಚಿಕ್ಕವರಿದ್ದಾಗ ಅದನ್ನು ಹಿಡಿಯಲು ಮುಷ್ಟಿ ಕಟ್ಟಿರುತ್ತೀರಿ. ಕೈಗೆ ಏನೂ ಸಿಕ್ಕಿರುವುದಿಲ್ಲ!

ಹಂಪಿಗೆ ಹೋದವರು ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲೆ ಕೋಣೆಯನ್ನು ನೋಡಿರಬಹುದು. ಗೋಡೆಯ ಪುಟ್ಟ ಕಿಂಡಿಯಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ರಾಯಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಆ ಬೆಳಕಿನ ಕಥೆ ಇನ್ನೊಂದು ದಿನಕ್ಕಿರಲಿ. ಮುಂದಿನ ಸಲ ಹೋದಾಗ ಗೋಪುರದ ನೆರಳಿನ ಜೊತೆಗೆ ಕಿಂಡಿಯ ಬಳಿ ತೇಲುವ ಕಣಗಳನ್ನೂ ಗಮನಿಸಿ. ಅವು ಕೋಣೆಯ ತುಂಬ ಇರುತ್ತವೆ. ಬೆಳಕು ಬಿದ್ದ ಕಡೆ ಮಾತ್ರ ಕಾಣುತ್ತವೆ, ಅಷ್ಟೇ.

ಸಂಡೂರು ಕಡೆಯ ಒಂದು ಶಾಲೆಯಲ್ಲಿ ಈ ವಿಷಯ ಮಾತನಾಡುತ್ತಿದ್ದಾಗ ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ನಮ್ಮ ಮನಿ ರೋಡಿನ ಮ್ಯಾಲೆ ಐತಿ. ಕಿಟಕಿ ತೆಗೆದ್ರ ಕೆಂಪು ಧೂಳು ಬರ್ತೈತಿ, ಹಾಕಿದ್ರ ಒಲಿ ಹೊಗೆ ತುಂಬ್ತೈತಿ. ಏನು ಮಾಡ್ಬೇಕು ಹೇಳ್ರಿ." ತುಂಬ ಒಳ್ಳೆಯ ಪ್ರಶ್ನೆ. ಆ ದಿನ ನಾನು ಅರ್ಧ ಉತ್ತರ ಮಾತ್ರ ಕೊಟ್ಟೆ. ಪೂರ್ತಿ ಉತ್ತರ ಹುಡುಕೋಣ ಬನ್ನಿ.

ಧೂಳು ಬೀಳುತ್ತದೆ, ಹೊಗೆ ಬೀಳುವುದಿಲ್ಲ

ಮೊದಲು ಕಣಗಳ ಗಾತ್ರ ತಿಳಿಯೋಣ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ನುಣುಪು ಮರಳಿನ ಕಣ 100 ಮೈಕ್ರಾನ್ ಇರಬಹುದು. ಒಲೆಯ ಹೊಗೆಯ ಕಣಗಳು ಹೆಚ್ಚಾಗಿ 1 ಮೈಕ್ರಾನಿಗಿಂತಲೂ ಚಿಕ್ಕವು.

ಗಾಳಿ ಅಲುಗಾಡದ ಕೋಣೆಯಲ್ಲಿ ಒಂದೂವರೆ ಮೀಟರ್ ಎತ್ತರದಿಂದ ಇವು ನೆಲಕ್ಕೆ ಬೀಳಲು ಎಷ್ಟು ಹೊತ್ತು ಬೇಕು? ಕಣಗಳು ನೀರಿನಷ್ಟು ತೂಕದವು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, 100 ಮೈಕ್ರಾನಿನ ಕಣ ಆರೇಳು ಸೆಕೆಂಡಿನಲ್ಲಿ ನೆಲ ಸೇರುತ್ತದೆ. 10 ಮೈಕ್ರಾನಿನದಕ್ಕೆ ಸುಮಾರು 8 ನಿಮಿಷ ಬೇಕು. 2.5 ಮೈಕ್ರಾನಿನದಕ್ಕೆ ಎರಡು ಗಂಟೆಗೂ ಹೆಚ್ಚು. 1 ಮೈಕ್ರಾನಿನ ಕಣಕ್ಕೆ? ಸುಮಾರು 12 ಗಂಟೆ! ಅಂದರೆ ಸಂಜೆ ಏಳಕ್ಕೆ ಹೊರಟ ಕಣ ಮರುದಿನ ಬೆಳಗ್ಗೆ ಏಳಕ್ಕೆ ನೆಲ ಮುಟ್ಟುತ್ತದೆ. ಅಷ್ಟರಲ್ಲಿ ಯಾರಾದರೂ ಬಾಗಿಲು ತೆರೆದರೆ, ನಡೆದಾಡಿದರೆ ಅದು ಮತ್ತೆ ಮೇಲೇರುತ್ತದೆ. ಹೀಗಾಗಿ ಹೊಗೆಯ ಕಣ ತಾನಾಗಿ ಬೀಳಲಿ ಎಂದು ಕಾಯುವಂತಿಲ್ಲ. ಅದನ್ನು ಹೊರಗೆ ಕಳಿಸಬೇಕು, ಇಲ್ಲವೇ ಹುಟ್ಟದಂತೆಯೇ ನೋಡಿಕೊಳ್ಳಬೇಕು.

ಈ ಗಾತ್ರವೇ ನಮ್ಮ ಎದೆಗೂ ಮುಖ್ಯ. ದೊಡ್ಡ ಕಣ ಮೂಗಿನ ಕೂದಲಲ್ಲೋ ಗಂಟಲಿನ ಲೋಳೆಯಲ್ಲೋ ಸಿಕ್ಕಿಕೊಳ್ಳುತ್ತದೆ. ಸೀನಿದರೆ, ಕೆಮ್ಮಿದರೆ ಹೊರಗೆ ಬರುತ್ತದೆ. ಜಾತ್ರೆಯಿಂದ ಬಂದ ದಿನ ಮೂಗು ಸ್ವಚ್ಛ ಮಾಡಿಕೊಂಡರೆ ಕರವಸ್ತ್ರ ಕಪ್ಪಾಗುವುದು ಇದೇ ಕಾರಣಕ್ಕೆ. ಆದರೆ 2.5 ಮೈಕ್ರಾನಿಗಿಂತ ಚಿಕ್ಕ ಕಣಗಳು ಈ ಕಾವಲುಗಾರರನ್ನು ದಾಟಿ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಹೋಗುತ್ತವೆ. ದೊಡ್ಡವರಲ್ಲಿ ಇಂಥ ಪುಟ್ಟ ಗಾಳಿಚೀಲಗಳು ಮೂವತ್ತು, ನಲವತ್ತು ಕೋಟಿಗೂ ಹೆಚ್ಚು ಇರುತ್ತವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ಒಂದು ಬ್ಯಾಡ್ಮಿಂಟನ್ ಅಂಕಣ ತುಂಬುತ್ತದೆ. ನಿಮ್ಮ ವಯಸ್ಸಿನವರು ನಿಮಿಷಕ್ಕೆ ಸುಮಾರು 20 ಸಲ ಉಸಿರಾಡುತ್ತೀರಿ. ದಿನಕ್ಕೆ ಎಷ್ಟು ಸಲವಾಯಿತು, ನೀವೇ ಗುಣಿಸಿ ನೋಡಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಅಡುಗೆಯ ಹೊಗೆ ಮುಂತಾದ ಮನೆಯೊಳಗಿನ ವಾಯುಮಾಲಿನ್ಯದಿಂದ ಪ್ರಪಂಚದಲ್ಲಿ 32 ಲಕ್ಷ ಜನ ಸತ್ತರು. ಅವರಲ್ಲಿ 2 ಲಕ್ಷ 37 ಸಾವಿರಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳು. ಇದು ಮೊದಲಿನಿಂದ ಗೊತ್ತಿದ್ದ ಸಂಗತಿಯಲ್ಲ. ವಾಯುಮಾಲಿನ್ಯ ಎಂದರೆ ಕಾರ್ಖಾನೆ, ಲಾರಿ, ಬಸ್ಸು ಎಂದೇ ಎಲ್ಲರೂ ಯೋಚಿಸುತ್ತಿದ್ದ ಕಾಲದಲ್ಲಿ, 1980ರ ದಶಕದ ಆರಂಭದಲ್ಲಿ, ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಗುಜರಾತಿನ ಹಳ್ಳಿಗಳಿಗೆ ಹೋಗಿ ಅಡುಗೆ ಮಾಡುವ ಹೆಂಗಸರು ಸೇವಿಸುವ ಹೊಗೆಯನ್ನು ಅಳೆದರು. ದೊಡ್ಡ ನಗರಗಳ ರಸ್ತೆಗಿಂತ ಹಳ್ಳಿಯ ಒಲೆಯ ಮುಂದೆ ಗಾಳಿ ಎಷ್ಟೋ ಪಾಲು ಕೆಟ್ಟಿರುತ್ತದೆ ಎಂಬುದು ಆಗ ಎಲ್ಲರಿಗೂ ತಿಳಿಯಿತು.

ಆಲೆಮನೆಯ ಒಲೆ, ಅಮ್ಮನ ಒಲೆ

ಕಂಪ್ಲಿ, ಹೊಸಪೇಟೆ ಕಡೆಯ ಮಕ್ಕಳು ಆಲೆಮನೆಗೆ ಹೋಗಿ ಬಿಸಿ ಬೆಲ್ಲ ತಿಂದಿರಬಹುದು. ಬೆಲ್ಲ ತಿನ್ನುವ ಆತುರದಲ್ಲಿ ಒಲೆಯನ್ನು ನೋಡಿರಲಿಕ್ಕಿಲ್ಲ! ಈ ಸಲ ಹೋದಾಗ ನೋಡಿ. ದೊಡ್ಡ ಕೊಪ್ಪರಿಗೆಯ ಕೆಳಗೆ ಗುಂಡಿಯಂಥ ಒಲೆ. ಒಂದು ಕಡೆಯಿಂದ ಒಣಗಿದ ಕಬ್ಬಿನ ಸಿಪ್ಪೆಯನ್ನು ತಳ್ಳುತ್ತಾ ಇರುತ್ತಾರೆ. ಇನ್ನೊಂದು ಕಡೆ ಇಟ್ಟಿಗೆಯ ಎತ್ತರದ ಹೊಗೆಕೊಳವೆ ಇರುತ್ತದೆ. ಅಷ್ಟು ದೊಡ್ಡ ಬೆಂಕಿ ಉರಿದರೂ ಬೆಲ್ಲ ಕಾಯಿಸುವವರ ಮುಖಕ್ಕೆ ಹೊಗೆ ಬಡಿಯುವುದು ಕಡಿಮೆ.

ಇದು ಹೇಗೆ? ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ಹಗುರಾಗುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1 ಕಿಲೋ 180 ಗ್ರಾಂ. ಅದನ್ನೇ 127 ಡಿಗ್ರಿಗೆ ಕಾಯಿಸಿದರೆ ಅಷ್ಟೇ ಜಾಗದ ಗಾಳಿಯ ತೂಕ 880 ಗ್ರಾಮಿಗೆ ಇಳಿಯುತ್ತದೆ. ಕೊಳವೆಯೊಳಗಿನ ಹಗುರ ಗಾಳಿ ಮೇಲೇರಿದಂತೆ ಹೊರಗಿನ ಭಾರದ ತಣ್ಣನೆಯ ಗಾಳಿ ಒಲೆಯ ಬಾಯಿಯಿಂದ ಒಳಗೆ ನುಗ್ಗುತ್ತದೆ. ಕೊಳವೆ ಎತ್ತರವಾದಷ್ಟೂ ಎಳೆತ ಜೋರು. ಉರಿಗೆ ಬೇಕಾದ ಆಮ್ಲಜನಕವೂ ಸಿಗುತ್ತದೆ, ಹೊಗೆಗೆ ದಾರಿಯೂ ಸಿಗುತ್ತದೆ.

ಈಗ ಮನೆಗೆ ಬನ್ನಿ. ಮೂರು ಕಲ್ಲಿನ ಅಥವಾ ಮಣ್ಣಿನ ಒಲೆ, ಗೋಡೆಗೆ ಕರಿ, ಸೂರಿನಿಂದ ತೂಗುವ ಇಲ್ಲಣ. ಜೋಳದ ರೊಟ್ಟಿ ಬಡಿಯುವಾಗ ಅಮ್ಮ ಎದ್ದು ಹೋಗುವಂತಿಲ್ಲ, ಒಲೆಯ ಮುಂದೆಯೇ ಕೂರಬೇಕು. ಮಡಿಲಲ್ಲೋ ಪಕ್ಕದಲ್ಲೋ ತಮ್ಮನೋ ತಂಗಿಯೋ ಇರುತ್ತಾರೆ. ಬೆಲ್ಲದ ಒಲೆಗೆ ಇರುವ ಹೊಗೆಕೊಳವೆ ಅಮ್ಮನ ಒಲೆಗೆ ಏಕಿಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹಾಗೆ ಯೋಚಿಸಿದವರು ನಮ್ಮ ರಾಜ್ಯದಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಆರಂಭವಾಯಿತು. ಹಳ್ಳಿಯ ಜನರಿಗೆ ಬೇಕಾದ ವಿಜ್ಞಾನ ಮಾಡುವುದು ಅದರ ಕೆಲಸ. 1980ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ರೂಪಿಸಿದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಇಡಬಹುದು, ಹೊಗೆ ಕೊಳವೆಯಿಂದ ಮಾಡಿನ ಆಚೆಗೆ ಹೋಗುತ್ತದೆ, ಕಟ್ಟಿಗೆಯೂ ಉಳಿಯುತ್ತದೆ. ನಿಮ್ಮ ಅಜ್ಜಿಯನ್ನು ಕೇಳಿ, ಅವರಿಗೆ ಈ ಹೆಸರು ನೆನಪಿರಬಹುದು. ಆದರೆ ಕೊಳವೆಯೊಳಗೆ ಕಟ್ಟುವ ಮಸಿಯನ್ನು ಆಗಾಗ ತೆಗೆಯದಿದ್ದರೆ ದಾರಿ ಮುಚ್ಚಿ ಹೊಗೆ ಮನೆಯೊಳಗೇ ತಿರುಗುತ್ತದೆ. ಕಟ್ಟಿಗೆಯನ್ನು ಸಣ್ಣಗೆ ಸೀಳಿ ಹಾಕಬೇಕು. ಹೊಸ ಒಲೆ ಕಟ್ಟಿಕೊಟ್ಟ ಮೇಲೆ ಅದನ್ನು ನೋಡಿಕೊಳ್ಳುವುದನ್ನೂ ಕಲಿಸಬೇಕು. ಎಷ್ಟೋ ಒಳ್ಳೆಯ ಒಲೆಗಳು ಮೂಲೆ ಸೇರುವುದು ಇಲ್ಲಿಯೇ.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಬಹಳ ಮನೆಗಳಿಗೆ ಗ್ಯಾಸ್ ಬಂದಿದೆ. ಗ್ಯಾಸಿನ ನೀಲಿ ಉರಿಯಲ್ಲಿ ಹೊಗೆಯ ಕಣಗಳು ತೀರಾ ಕಡಿಮೆ. ಆದರೂ ಸಿಲಿಂಡರ್ ಬೇಗ ಮುಗಿಯಬಾರದೆಂದು ಚಹಾಕ್ಕೆ ಗ್ಯಾಸ್, ರೊಟ್ಟಿಗೆ ಕಟ್ಟಿಗೆ ಒಲೆ, ಸ್ನಾನದ ಹಂಡೆಗೆ ಬಳ್ಳಾರಿ ಜಾಲಿ ಎಂದು ನಡೆಸುವ ಮನೆಗಳಿವೆ. ಅದರಲ್ಲಿ ತಪ್ಪು ಹುಡುಕುವಂತಿಲ್ಲ, ಖರ್ಚಿನ ಲೆಕ್ಕ ಅಮ್ಮನಿಗೇ ಗೊತ್ತು. ಆದರೆ ಹೆಚ್ಚು ಹೊತ್ತು ಉರಿಯುವುದು ಯಾವುದೋ ಅದು ಮನೆಯ ಒಳಗಿರಬಾರದು. ಹಂಡೆಯ ಒಲೆಯನ್ನು ಹಿತ್ತಲಿಗೆ ಸಾಗಿಸಿದರೆ ಮನೆಯ ಅರ್ಧ ಹೊಗೆ ಹೋದಂತೆ. ಇನ್ನು ಜಾಲಿ ಕಟ್ಟಿಗೆ. ಅದು ಚೆನ್ನಾಗಿ ಒಣಗಿರಬೇಕು. ಹಸಿ ಕಟ್ಟಿಗೆ ಹಾಕಿದರೆ ಬೆಂಕಿಯ ಶಾಖವೆಲ್ಲ ಅದರ ನೀರನ್ನು ಆವಿ ಮಾಡಲು ಖರ್ಚಾಗಿ, ಉರಿ ತಣ್ಣಗಾಗಿ, ಅರ್ಧಂಬರ್ಧ ಉರಿದ ಕಟ್ಟಿಗೆಯೇ ಹೊಗೆಯಾಗಿ ಏಳುತ್ತದೆ. ಬೇಸಿಗೆಯಲ್ಲೇ ಸೀಳಿ, ಮಳೆ ತಾಗದಂತೆ ಒಟ್ಟುವ ಹಿರಿಯರ ರೂಢಿ ತುಂಬ ಒಳ್ಳೆಯದು.

ಮಾಡಿ ನೋಡಿ: ಗಾಳಿಯ ಎರಡು ದಾರಿ

ಇದನ್ನು ಶಿಕ್ಷಕರು ಎದುರಿಗೆ ಇದ್ದಾಗಲೇ ಮಾಡಿ. ಒಂದು ತಟ್ಟೆಯಲ್ಲಿ ಮೋಂಬತ್ತಿಯ ಗಿಡ್ಡ ತುಂಡನ್ನು ನಿಲ್ಲಿಸಿ ಹಚ್ಚಿ. ತಟ್ಟೆಗೆ ಅರ್ಧ ಬೆರಳು ನೀರು ಹಾಕಿ. ಹಳೆಯ ಸೀಮೆಎಣ್ಣೆ ದೀಪದ ಉದ್ದನೆಯ, ಬಾಯಿ ಕಿರಿದಾದ ಗಾಜನ್ನು ಅದರ ಮೇಲೆ ಮುಚ್ಚಿ. ಗಾಜಿನ ಬುಡ ನೀರಿನಲ್ಲಿರುವುದರಿಂದ ಕೆಳಗಿನಿಂದ ಗಾಳಿ ಬರುವುದಿಲ್ಲ. ಮೇಲೆ ಬಾಯಿ ತೆರೆದೇ ಇದೆ. ಆದರೂ ಏನಾಗುತ್ತದೆ? ಉರಿ ಕುಗ್ಗುತ್ತಾ ಬಂದು ಆರುತ್ತದೆ. ಹೊರಗೆ ಬರುವ ಬಿಸಿಗಾಳಿ, ಒಳಗೆ ಹೋಗಬೇಕಾದ ಹೊಸ ಗಾಳಿ ಎರಡೂ ಒಂದೇ ಕಿರಿದಾದ ಬಾಯಲ್ಲಿ ಡಿಕ್ಕಿ ಹೊಡೆಯುತ್ತವೆ.

ಮೋಂಬತ್ತಿ ಮತ್ತೆ ಹಚ್ಚಿ, ಗಾಜು ಮುಚ್ಚಿ. ಈ ಸಲ ಉರಿ ಕುಗ್ಗುವ ಮೊದಲೇ ದಪ್ಪ ರಟ್ಟಿನ ಪಟ್ಟಿಯೊಂದನ್ನು ಗಾಜಿನ ಬಾಯಿಯ ನಡುವೆ, ಬಾಯಿ ಎರಡು ಭಾಗವಾಗುವಂತೆ ಇಳಿಬಿಡಿ. ರಟ್ಟು ಉರಿಗೆ ತಾಗಬಾರದು. ಉರಿ ಚೇತರಿಸಿಕೊಳ್ಳುತ್ತದೆ! ಒಂದು ಬದಿಯಿಂದ ತಣ್ಣನೆಯ ಗಾಳಿ ಇಳಿಯುತ್ತದೆ, ಇನ್ನೊಂದು ಬದಿಯಿಂದ ಬಿಸಿಗಾಳಿ ಏರುತ್ತದೆ. ಹೊಗೆಯಾಡುವ ಊದಿನಕಡ್ಡಿಯನ್ನು ಎರಡೂ ಬದಿಗೆ ಹಿಡಿದರೆ ಯಾವುದು ಒಳದಾರಿ, ಯಾವುದು ಹೊರದಾರಿ ಎಂದು ಕಣ್ಣಿಗೇ ಕಾಣುತ್ತದೆ. ಕೊನೆಗೆ ರಟ್ಟು ತೆಗೆದು, ನೀರು ಚೆಲ್ಲಿ, ಗಾಜನ್ನು ಎರಡು ಸಣ್ಣ ಕಲ್ಲುಗಳ ಮೇಲೆ ನಿಲ್ಲಿಸಿ. ಉರಿ ಹೇಗಿದೆ?

ನಿಮ್ಮ ಅಡುಗೆಮನೆ ಈ ಮೂರರಲ್ಲಿ ಯಾವುದರಂತಿದೆ? ಒಂದೇ ಬಾಗಿಲು, ಕಿಟಕಿಯೂ ಇಲ್ಲ ಎಂದರೆ ಮೊದಲನೆಯದರಂತೆ. ಕೆಳಗೆ ಬಾಗಿಲು, ಮೇಲೆ ಬೆಳಕಿಂಡಿ ಇದ್ದರೆ ಮೂರನೆಯದರಂತೆ. ಹಳೆಯ ಬೆಳಕಿಂಡಿ ಬೆಳಕಿಗಷ್ಟೇ ಮಾಡಿದ್ದಲ್ಲ, ಅದು ಹೊಗೆಯ ಬಾಗಿಲೂ ಆಗಿತ್ತು. ಮಾಳಿಗೆ ತೆಗೆದು ಆರ್‌ಸಿಸಿ ಹಾಕಿಸುವಾಗ, ತಗಡಿನ ಶೀಟು ಹಾಕಿಸುವಾಗ ಬಹಳ ಮಂದಿ ಆ ಬಾಗಿಲನ್ನು ಮರೆತುಬಿಡುತ್ತಾರೆ. ಮನೆ ಹೊಸದಾಗುತ್ತದೆ, ಒಲೆ ಹಳೆಯದೇ ಇರುತ್ತದೆ, ಹೊಗೆಗೆ ದಾರಿ ಇರುವುದಿಲ್ಲ. ನಿಮ್ಮ ಮನೆ ಕಟ್ಟಿಸುತ್ತಿದ್ದರೆ ಅಪ್ಪನಿಗೆ ಹೇಳಿ: ಒಲೆಯ ಮೇಲೆ, ಸೂರಿನ ಹತ್ತಿರ, ಎರಡು ಇಟ್ಟಿಗೆಯಷ್ಟಾದರೂ ಜಾಗ ಬಿಡಿಸಿ ಜಾಲರಿ ಹಾಕಿಸಿ ಎಂದು. ಗೋಡೆ ಏರುವಾಗಲೇ ಹೇಳಬೇಕು. ಆಮೇಲೆ ಹೇಳಿದರೆ ಗೋಡೆ ಒಡೆಯಬೇಕಾಗುತ್ತದೆ, ಬೈಗಳೂ ಸಿಗುತ್ತವೆ.

ಬಾಣಂತಿ ಕೋಣೆ

ಮನೆಯಲ್ಲಿ ಪುಟ್ಟ ಪಾಪು ಬಂದಿದೆಯೇ? ಬಾಣಂತಿ ಮತ್ತು ಮಗುವಿಗೆ ಗಾಳಿ ತಾಗಬಾರದೆಂದು ಕಿಟಕಿ, ಬಾಗಿಲು ಮುಚ್ಚಿ, ಒಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಸಾಂಬ್ರಾಣಿ, ಲೋಬಾನ, ಅಜವಾನದ ಹೊಗೆ ಹಾಕುವುದು ನಮ್ಮ ಕಡೆ ಬಹಳ ಮನೆಗಳ ರೂಢಿ. ಹಸುಗೂಸು ಬೆಚ್ಚಗಿರಬೇಕು ಎಂಬ ಅಜ್ಜಿಯ ಮಾತು ಪೂರ್ತಿ ನಿಜ. ವೈದ್ಯರೂ ಅದನ್ನೇ ಹೇಳುತ್ತಾರೆ. ಆದರೆ ಬೆಚ್ಚಗಿಡುವುದು ಬೇರೆ, ಹೊಗೆ ಹಾಕುವುದು ಬೇರೆ. ಹುಟ್ಟಿದ ಮಗು ನಿಮಿಷಕ್ಕೆ ಸುಮಾರು 40 ಸಲ ಉಸಿರಾಡುತ್ತದೆ. ಅದರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ.

ಕೆಂಡದಿಂದ ಹೊಗೆ ಏಳದಿದ್ದಾಗ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅದು ಕಾಣುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಸಾಕಷ್ಟು ಆಮ್ಲಜನಕ ಸಿಗದೆ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರಿಸುವುದಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಆಮ್ಲಜನಕಕ್ಕೆ ಜಾಗವೇ ಸಿಗುವುದಿಲ್ಲ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಮಂಪರು. ಮಲಗಿದವರು ಏಳದೇ ಹೋಗಬಹುದು. ಆದ್ದರಿಂದ ಉರಿಯುವ ಕೆಂಡವಿಟ್ಟು ಬಾಗಿಲು ಮುಚ್ಚಿ ಯಾರೂ ಮಲಗಬಾರದು. ಯಾರಿಗಾದರೂ ಹೀಗಾದರೆ ತಕ್ಷಣ ಬಯಲಿಗೆ ಕರೆತಂದು 108ಕ್ಕೆ ಫೋನ್ ಮಾಡಿಸಿ.

ಅಜ್ಜಿಯ ಜೊತೆ ವಾದ ಮಾಡಬೇಡಿ. ಮನೆಗೆ ಬರುವ ಆಶಾ ಕಾರ್ಯಕರ್ತೆಯ ಎದುರಿಗೆ ಈ ಮಾತು ತೆಗೆಯಿರಿ, ಅವರು ತಿಳಿಸಿ ಹೇಳುತ್ತಾರೆ. ಬಟ್ಟೆಗಳನ್ನು ಬಿಸಿಲಿನಲ್ಲಿ ಕಾಯಿಸಿ ಮಗುವಿಗೆ ಸುತ್ತಬಹುದು, ಅಮ್ಮನ ಎದೆಗೆ ಅಪ್ಪಿಸಿ ಮಲಗಿಸಬಹುದು. ಅದಕ್ಕಿಂತ ಒಳ್ಳೆಯ ಬಿಸಿ ಇಲ್ಲ.

ಸೊಳ್ಳೆ ಬತ್ತಿಯ ಬಗ್ಗೆಯೂ ಒಂದು ಮಾತು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಕಣಗಳಷ್ಟು ಎಂದು ಕಂಡುಬಂತು. ತುಂಗಭದ್ರೆಯ ಕಾಲುವೆ, ಭತ್ತದ ಗದ್ದೆ ಇರುವ ನಮ್ಮ ಊರುಗಳಲ್ಲಿ ಸೊಳ್ಳೆ ಬಿಟ್ಟೀತೇ! ಸೊಳ್ಳೆ ಪರದೆ ಕಟ್ಟಿಕೊಳ್ಳಿ. ಅದಕ್ಕೆ ಹೊಗೆಯೂ ಇಲ್ಲ, ದಿನದಿನದ ಖರ್ಚೂ ಇಲ್ಲ. ಮನಿಪ್ಲಾಂಟ್ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಎಂದು ಯಾರಾದರೂ ಹೇಳಿದರೆ, ಅಂದಕ್ಕೆ ಇಡಿ. ಒಂದೆರಡು ಕುಂಡದಿಂದ ಮನೆಯ ಹೊಗೆ ಕಡಿಮೆಯಾಗುವುದಿಲ್ಲ.

ಕೆಂಪು ಧೂಳು

ಈಗ ಸಂಡೂರಿನ ಹುಡುಗಿಯ ಪ್ರಶ್ನೆಗೆ ಬರೋಣ. 2000ದ ನಂತರದ ಹತ್ತು ವರ್ಷ ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದವು. ಮರದ ಎಲೆ, ಮನೆಯ ಹೆಂಚು, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಹೊಸಪೇಟೆಯೂ ಆಗ ಅದೇ ಜಿಲ್ಲೆಯಲ್ಲಿತ್ತು. 2013ರಲ್ಲಿ ಷರತ್ತು, ಮಿತಿಗಳೊಂದಿಗೆ ಗಣಿಗಳನ್ನು ಮತ್ತೆ ತೆರೆಯಲು ಅನುಮತಿ ಸಿಕ್ಕಿತು. ಆ ದಿನಗಳ ಧೂಳನ್ನು ನಿಮ್ಮ ಮನೆಯ ದೊಡ್ಡವರು ಮರೆತಿರುವುದಿಲ್ಲ.

ಈ ಕೆಂಪು ಹೆಮಟೈಟ್ ಎಂಬ ಕಬ್ಬಿಣದ ಅದಿರಿನದು. ಅದು ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತ, ತುಕ್ಕಿನ ಹತ್ತಿರದ ನೆಂಟ. ಆಯಸ್ಕಾಂತ ಹಿಡಿದು ನೋಡಿದರೆ ಕೆಂಪು ಪುಡಿ ಅಂಟುವುದಿಲ್ಲವಲ್ಲ ಎಂದು ನಿರಾಶರಾಗಬೇಡಿ. ಹೆಮಟೈಟ್ ಆಯಸ್ಕಾಂತಕ್ಕೆ ಸುಲಭವಾಗಿ ಒಲಿಯುವುದಿಲ್ಲ. ಕಪ್ಪು ಕಣಗಳು ಅಂಟಿದರೆ ಅದರಲ್ಲಿ ಮ್ಯಾಗ್ನೆಟೈಟ್ ಇರಬಹುದು.

ಹೆಮಟೈಟ್ ನೀರಿಗಿಂತ ಸುಮಾರು ಐದು ಪಟ್ಟು ಭಾರ. ಆದ್ದರಿಂದ 10 ಮೈಕ್ರಾನಿನ ಅದಿರಿನ ಕಣ ಎಂಟು ನಿಮಿಷದ ಬದಲು ಎರಡು ನಿಮಿಷದೊಳಗೇ ನೆಲ ಸೇರುತ್ತದೆ. ಉತ್ತರ ಇಲ್ಲಿಯೇ ಇದೆ. ಕಣ್ಣಿಗೆ ಕಾಣುವ ಕೆಂಪು ಧೂಳು ಬೇಗ ಬೀಳುತ್ತದೆ, ಬಿದ್ದ ಮೇಲೆ ಒದ್ದೆ ಬಟ್ಟೆಗೆ ಸಿಗುತ್ತದೆ. ಹೊಗೆ ಬೀಳುವುದೇ ಇಲ್ಲ, ಯಾವ ಬಟ್ಟೆಗೂ ಸಿಗುವುದಿಲ್ಲ. ಹಾಗಾಗಿ ಒಲೆ ಉರಿಯುವಾಗ ಕಿಟಕಿ ತೆರೆಯಲೇಬೇಕು. ಆದರೆ ರಸ್ತೆಯ ಕಡೆಯದಲ್ಲ, ಹಿತ್ತಲ ಕಡೆಯದು. ಹಿತ್ತಲ ಕಡೆ ಕಿಟಕಿಯೇ ಇಲ್ಲದಿದ್ದರೆ ಹಿಂಬಾಗಿಲು ಮತ್ತು ಮೇಲಿನ ಜಾಲರಿ. ಅಡುಗೆ ಮುಗಿದು ಅರ್ಧ ಗಂಟೆ ಹಾಗೇ ಇರಲಿ. ಕಸಬರಿಗೆಯಿಂದ ಒಣ ನೆಲ ಗುಡಿಸಿದರೆ ಬಿದ್ದ ಧೂಳನ್ನು ಮತ್ತೆ ಹಾರಿಸಿದಂತೆ. ಮೊದಲು ನೀರು ಚಿಮುಕಿಸಿ ಗುಡಿಸಿ, ಆಮೇಲೆ ಒರೆಸಿ. ಅಂಗಳಕ್ಕೆ ನೀರು ಚಿಮುಕಿಸುವ ಅಮ್ಮ ಅದನ್ನು ದಿನವೂ ಮಾಡುತ್ತಲೇ ಇದ್ದಾರೆ.

ಆದರೆ ರಸ್ತೆಯ ಗಾಳಿಯಲ್ಲಿ ಲಾರಿಗಳ ಡೀಸೆಲ್ ಹೊಗೆಯೂ ಇರುತ್ತದೆ. ಅದು ಒಲೆಯ ಹೊಗೆಯಷ್ಟೇ ಸೂಕ್ಷ್ಮ. ಅದಕ್ಕೆ ಕಿಟಕಿಯಲ್ಲಿ ಉತ್ತರವಿಲ್ಲ. ಅದನ್ನು ರಸ್ತೆಯಲ್ಲೇ ತಡೆಯಬೇಕು. ನಿಮ್ಮ ಊರಿನ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಅದು.

ನಾಲ್ಕು ಕಾರ್ಡು, ಒಂದು ಬಿಸಿಲುಕೋಲು

ಅಂಗೈ ಅಗಲದ ನಾಲ್ಕು ಬಿಳಿ ರಟ್ಟುಗಳಿಗೆ ತೆಳುವಾಗಿ ವ್ಯಾಸಲೀನ್ ಸವರಿ. ಒಂದನ್ನು ಅಡುಗೆಮನೆಯಲ್ಲಿ ಒಲೆಯಿಂದ ದೂರ, ಒಂದನ್ನು ಮಲಗುವ ಕೋಣೆಯಲ್ಲಿ, ಒಂದನ್ನು ಪಡಸಾಲೆಯಲ್ಲಿ, ಒಂದನ್ನು ರಸ್ತೆ ಕಡೆಯ ಕಿಟಕಿಯಲ್ಲಿ ಇಡಿ. ಒಂದು ದಿನದ ನಂತರ ಭೂತಗನ್ನಡಿಯಲ್ಲಿ ನೋಡಿ ಒಂದು ಚದರ ಸೆಂಟಿಮೀಟರಿನಲ್ಲಿ ಕೆಂಪು ಕಣ ಎಷ್ಟು, ಕಪ್ಪು ಕಣ ಎಷ್ಟು ಎಂದು ಎಣಿಸಿ. ಕಿಟಕಿಯ ಕಾರ್ಡಿಗಿಂತ ಅಡುಗೆಮನೆಯ ಕಾರ್ಡು ಬೆಳ್ಳಗಿದ್ದರೆ ಮೋಸಹೋಗಬೇಡಿ. ಏಕೆಂದು ಈಗ ನಿಮಗೇ ಗೊತ್ತು: ಕಾರ್ಡಿಗೆ ಸಿಗುವುದು ಬೀಳುವ ಕಣ ಮಾತ್ರ.

ಹೊಗೆಯನ್ನು ನೋಡಲು ಬೆಳಕಿಂಡಿಯ ಬಿಸಿಲುಕೋಲೇ ಬೇಕು. ಬೆಳಕಿಂಡಿ ಇಲ್ಲದವರು ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಒಂದು ತೂತು ಬಿಡಿ. ಒಲೆ ಹಚ್ಚುವ ಮುಂಚೆ ಒಮ್ಮೆ ನೋಡಿ. ಬಿಡಿಬಿಡಿಯಾಗಿ ಹೊಳೆಯುವ ಕಣಗಳು ಕಾಣುತ್ತವೆ, ಅದು ಧೂಳು. ಒಲೆ ಉರಿಯುವಾಗ ನೋಡಿ. ಕಣಗಳು ಬಿಡಿಯಾಗಿ ಕಾಣದೆ ಇಡೀ ಕೋಲೇ ತಿಳಿನೀಲಿ ಹಾಲಿನಂತೆ ಕಾಣುತ್ತದೆ, ಅದು ಹೊಗೆ. ಹಿತ್ತಲ ಕಿಟಕಿ ತೆರೆದು, ಆ ನೀಲಿ ಹೋಗಲು ಎಷ್ಟು ನಿಮಿಷ ಬೇಕಾಯಿತು ಎಂದು ಗಡಿಯಾರ ನೋಡಿ ಬರೆದಿಡಿ. ಮರುದಿನ ಕಿಟಕಿ ಮುಚ್ಚಿ ಇನ್ನೊಮ್ಮೆ ಬರೆಯಿರಿ. ದಿನಾಂಕ, ಹೊತ್ತು, ಕಟ್ಟಿಗೆ ಹಸಿಯೋ ಒಣಗಿದ್ದೋ ಎಂಬುದನ್ನೂ ಪಕ್ಕದಲ್ಲೇ ಗುರುತು ಹಾಕಿ.